ಬೀಗದೊಳಗಿನ ಹೆಲ್ಮೆಟ್

ಗದಿಗೆಪ್ಪ ಹೆಂಡತಿಯ ಬೆನ್ನು ಹತ್ತಿ ಅಮೆರಿಕಕ್ಕೆ ಬಂದವ. ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡಿಗರು ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವರಲ್ಲ, ದೊಡ್ಡ ಜನ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನನ್ನು "ಅಂಕಲ್, ನಿಮ್ದು ಯಾವ ಕಂಪನಿ?" ಎಂದು ಕೇಳುತ್ತಿದ್ದರು, ಅಷ್ಟೇ. "ಕಾಲೇಜಿನಾಗ, ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟು" ಎಂದು ಹೇಳಿ ಅವನು ಹೋಳಿಗೆಯ ಕಡೆ ಸರಿಯುತ್ತಿದ್ದ.

ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಪಿ.ಟಿ. ಮಾಸ್ತರನಾಗಿದ್ದ ಮನುಷ್ಯ. ಸೀಟಿ ಊದಿದರೆ ಆರುನೂರು ಹುಡುಗರು ಸೆಟೆದು ನಿಲ್ಲುತ್ತಿದ್ದರು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಲೋಕ ಗಾಬರಿಬಿದ್ದಿದ್ದ ಕಾಲದಲ್ಲಿ ಅವನ ಹೆಂಡತಿ ರಜನಿಗೆ ಬ್ರಿಡ್ಜ್‌ವಾಟರ್‌ನಲ್ಲಿ ಕೆಲಸ ಸಿಕ್ಕಿತು. ಇವನು ಮೂರು ವರ್ಷ ಅಡುಗೆ ಮಾಡಿಕೊಂಡು, ಟಿವಿ ನೋಡಿಕೊಂಡು ಕೂತ. ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕಿದ್ದು ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡದ ಸಾಮಾನು ಕೋಣೆಯ ಕೆಲಸ. ನೆಲಮಾಳಿಗೆಯಲ್ಲಿ ಬೆವರಿನ ಜರ್ಸಿ ಒಗೆಯುವುದು, ಬೂಟಿನ ಮಣ್ಣು ಕೆರೆಯುವುದು, ಒಬ್ಬೊಬ್ಬರ ತಲೆಗೂ ಹೆಲ್ಮೆಟ್ ಹೊಂದಿಸುವುದು. ಅವನ ಹೆಸರು ಅಲ್ಲಿ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಹುಡುಗರು 'ಜಿ' ಎನ್ನುತ್ತಿದ್ದರು, ಹಳೆಯ ಕೋಚ್ ಅದನ್ನೂ ಅನ್ನುತ್ತಿರಲಿಲ್ಲ.

ಎರಡು ಸಾವಿರನೇ ಇಸವಿ ಬಂತು, ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಅದಾಗಿ ಮೂರು ವರ್ಷಕ್ಕೆ, ಆಗಸ್ಟಿನಲ್ಲಿ, ತಂಡಕ್ಕೆ ಹೊಸ ಹೆಡ್ ಕೋಚ್ ಬಂದ. ಮೊದಲ ದಿನವೇ ನೆಲಮಾಳಿಗೆಗೆ ಇಳಿದು, ಊರಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದ. ಕಬಡ್ಡಿ ಕಲಿಸುತ್ತಿದ್ದೆ ಎಂದು ಗದಿಗೆಪ್ಪ ಹೇಳಿದ. ಕೋಚ್ ಅದೇನು ಆಟ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಕೈ ಕುಲುಕಿ, "ಹಾಗಾದರೆ ನೀನೂ ಕೋಚ್" ಎಂದ. ಅವತ್ತಿನಿಂದ ಕೋಚ್ ಎಂದೇ ಕರೆದ. ಗದಿಗೆಪ್ಪ ಮನೆಗೆ ಬಂದು ಇದನ್ನು ಹೆಂಡತಿಗೆ ಎರಡು ಸಲ ಹೇಳಿದ. ರಜನಿ ಎರಡು ಸಲವೂ ಮೊದಲ ಸಲ ಕೇಳಿದವಳ ಹಾಗೆ ಕೇಳಿದಳು.

ಅಮೆರಿಕದ ಫುಟ್‌ಬಾಲೆಂದರೆ ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡು ಅವುಚಿಕೊಂಡು ಓಡುವವನನ್ನು ನೆಲಕ್ಕೆ ಕೆಡಹುವ ಆಟ. ಕೆಡಹುವುದು ಗದಿಗೆಪ್ಪನಿಗೆ ಗೊತ್ತಿತ್ತು. ಓಡಿಬರುವವನ ಕಣಕಾಲು ಹಿಡಿದು ಎಳೆಯುವ ಕಬಡ್ಡಿಯ ಪಟ್ಟನ್ನು ಹುಡುಗರಿಗೆ ತೋರಿಸು ಎಂದು ಹೊಸ ಕೋಚ್ ಅವನನ್ನು ಮೈದಾನಕ್ಕೆ ಕರೆತಂದ. ನಲವತ್ತೇಳರ ಗದಿಗೆಪ್ಪ ಪ್ಯಾಂಟು ಮಡಚಿ ಹುಲ್ಲಿನ ಮೇಲೆ ಬಿದ್ದು ತೋರಿಸಿದ. ಹುಡುಗರು ನಕ್ಕರು, ಆಮೇಲೆ ಕಲಿತರು. ಎಲ್ಲರಿಗಿಂತ ಚೆನ್ನಾಗಿ ಕಲಿತವನು ಟೋನಿ. ಗಿಡ್ಡ ಹುಡುಗ, ಗಟ್ಟಿ ಹೆಗಲು, ತಂದೆಯಿಲ್ಲದವನು. ತಾಯಿ ಬೇಕರಿಯಲ್ಲಿ ಕೆಲಸ ಮಾಡಿ ಓದಿಸುತ್ತಿದ್ದಳು. ನಾಲ್ಕು ವರ್ಷ ಬರೀ ಸೋತಿದ್ದ ತಂಡ ಎರಡು ಪಂದ್ಯ ಗೆದ್ದಿತು, ಒಂದು ಸೋತಿತು, ಮತ್ತೆ ಐದು ಗೆದ್ದಿತು. ಗದಿಗೆಪ್ಪ ಈಗ ಮೈದಾನದ ಗೆರೆಯ ಪಕ್ಕದಲ್ಲೇ ನಿಲ್ಲುತ್ತಿದ್ದ. ಮನುಷ್ಯನಿಗೆ ಮರ್ಯಾದೆಯ ಹಸಿವು ಎಷ್ಟಿರುತ್ತದೆಂಬುದು ಅದು ಸಿಕ್ಕಾಗಲೇ ತಿಳಿಯುವುದು.

ಅಲ್ಲಿ ಒಂದು ಪದ್ಧತಿಯಿತ್ತು. ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ, ಗಾಯ ನೋಡಿಕೊಳ್ಳುವ ಕ್ಯಾರೆನ್ ಮೊದಲು ಅವನ ಹೆಲ್ಮೆಟ್ ಕಿತ್ತುಕೊಳ್ಳುತ್ತಿದ್ದಳು. ಹೆಲ್ಮೆಟ್ ಇಲ್ಲದವನನ್ನು ಆಟಕ್ಕೆ ಇಳಿಸುವಂತಿಲ್ಲ. ಅದನ್ನು ಗದಿಗೆಪ್ಪ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಬೇಕು. ಕೀಲಿ ಅವನ ಕೊರಳಲ್ಲಿ, ಸೀಟಿ ಇರುತ್ತಿದ್ದ ಜಾಗದಲ್ಲಿ.

ನವೆಂಬರಿನ ಕೊನೆಯ ಪಂದ್ಯ ಗೆದ್ದರೆ ಟ್ರೋಫಿ. ಅರ್ಧ ಆಟವಾಗುವ ಮುಂಚೆ ಟೋನಿಗೆ ಧಡೂತಿ ಆಟಗಾರನೊಬ್ಬ ಡಿಕ್ಕಿ ಹೊಡೆದ. ಟೋನಿ ಎದ್ದ, ಎದ್ದು ಎದುರು ತಂಡದವರ ಬೆಂಚಿನ ಕಡೆ ನಡೆದ. ಕ್ಯಾರೆನ್ ಅವನನ್ನು ಕೈ ಹಿಡಿದು ಕರೆತಂದು, ಇದು ಯಾವ ತಿಂಗಳು ಎಂದು ಕೇಳಿದಳು. ಆಗಸ್ಟ್ ಅಂದ. ಅವಳು ಹೆಲ್ಮೆಟ್ ತೆಗೆದು ಗದಿಗೆಪ್ಪನ ಕೈಗಿಟ್ಟು, ಯಾರು ಕೇಳಿದರೂ ಕೊಡಬೇಡ ಎಂದಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹುಡುಗನ ಕಾಲು ಮುರಿಯಿತು, ಅವಳು ಆಂಬುಲೆನ್ಸ್ ಹತ್ತಿ ಹೋಗಬೇಕಾಯಿತು.

ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಹೊಸ ಕೋಚ್ ಬಂದ. ಕೊಡು ಎಂದು ಅವನು ಕೇಳಿದ್ದರೆ ಗದಿಗೆಪ್ಪ ಇಲ್ಲ ಎನ್ನುತ್ತಿದ್ದನೋ ಏನೋ. ಅವನು ಹಾಗೆ ಕೇಳಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಕೋಚ್, ನೀನು ಹೇಳು. ಆಡ್ತಾನಾ ಇವನು?" ಎಂದ.

ಹದಿನೆಂಟು ವರ್ಷದಲ್ಲಿ ಎಷ್ಟೋ ಹುಡುಗರು ಕಬಡ್ಡಿ ಅಂಕಣದಲ್ಲಿ ಕವುಚಿ ಬಿದ್ದಿದ್ದರು. ಮುಖಕ್ಕೆ ನೀರು ಎರಚಿ, ಬೆನ್ನು ತಟ್ಟಿ ಒಳಗೆ ಬಿಟ್ಟಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಗದಿಗೆಪ್ಪ ಟೋನಿಯನ್ನು ನೋಡಿದ. ಅಭಿಪ್ರಾಯ ಕೊಡುವವನ ಹಾಗೆ, ತುಸು ತಡೆದು, "ಆಡ್ತಾನೆ" ಎಂದ. ತಾನೇ ಬೀಗ ತೆಗೆದು, ತಾನೇ ಹೆಲ್ಮೆಟ್ ತೊಡಿಸಿ, ಗದ್ದದ ಪಟ್ಟಿ ಬಿಗಿದ.

ಟೋನಿ ಒಬ್ಬನ ಕಣಕಾಲಿಗೆ ಕೈ ಹಾಕಿ ಕೆಡವಿದ. ತಂಡ ಗೆದ್ದಿತು. ಎಲ್ಲರೂ ಎದ್ದರು, ಅವನು ಏಳಲಿಲ್ಲ. ತಲೆಯೊಳಗೆ ರಕ್ತ ಸೋರಿತ್ತು. ಬುರುಡೆ ತೆರೆದು ಉಳಿಸಿದರು. ಬಲಗೈ ಹೋಯಿತು, ಮಾತು ಹೋಯಿತು.

ಕಾಲೇಜು ವಿಚಾರಣೆ ನಡೆಸಿತು. ಟೋನಿಯ ಪೆಟ್ಟಿನ ಬಗ್ಗೆ ತನಗೆ ಯಾರೂ ಸರಿಯಾಗಿ ತಿಳಿಸಿರಲಿಲ್ಲ ಎಂದು ಹೊಸ ಕೋಚ್ ಹೇಳಿದ. ಮೈದಾನ ಬಿಟ್ಟುಹೋದಳೆಂದು ಕ್ಯಾರೆನ್‌ಳನ್ನು ಕೆಲಸದಿಂದ ತೆಗೆದರು. ಜನವರಿಯಲ್ಲಿ ಕೋಚ್‌ನನ್ನು ದೊಡ್ಡ ಕಾಲೇಜೊಂದು ಕರೆಯಿತು, ಹೋದ. ಗದಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಚಾರಣೆಯ ಕರೆಗಾಗಿ ಕಾದ, ಯಾರೂ ಕರೆಯಲಿಲ್ಲ. ಬಟ್ಟೆ ಒಗೆಯುವವನನ್ನು ಏನು ಕೇಳುವುದು? ಮೊದಲು ಸಮಾಧಾನವಾಯಿತು. ಆಮೇಲೆ, ತಪ್ಪು ಮಾಡುವಷ್ಟಾದರೂ ದೊಡ್ಡವನೆಂದು ತನ್ನನ್ನು ಯಾರೂ ಎಣಿಸಲಿಲ್ಲವಲ್ಲ ಎಂದು ಉರಿಯಿತು. ಹಾಗೆ ಉರಿದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಬೀಗ ತೆಗೆದದ್ದನ್ನು ರಜನಿಗೆ ಹೇಳಿದ. ಅವಳು, "ಯಾರೂ ಕೇಳಿಲ್ಲಂದ್ರ ನೀವ್ಯಾಕ ಹೇಳಾಕ ಹೋಗ್ತೀರಿ?" ಎಂದಳು.

ಮಾರ್ಚಿನಲ್ಲಿ ಅವನು ಟೋನಿಯ ಮನೆಗೆ ಹೋದ. ತಾಯಿ ಮಗನಿಗೆ ಸೂಪ್ ತಿನ್ನಿಸುತ್ತಿದ್ದಳು. ಟೋನಿ ಇವನನ್ನು ನೋಡಿ ಎಡಗೈ ಎತ್ತಿ ನಕ್ಕ. ತಾಯಿ ಕುರ್ಚಿ ತೋರಿಸಿ, ನಿಮ್ಮ ಆ ಪಟ್ಟನ್ನು ಅಡುಗೆಮನೆಯಲ್ಲಿ ನನ್ನ ಮೇಲೂ ಮಾಡಿ ತೋರಿಸುತ್ತಿದ್ದ ಎಂದಳು. ಗದಿಗೆಪ್ಪ ಕೂರಲಿಲ್ಲ. ಹೆಲ್ಮೆಟ್ ತನ್ನ ಬೀಗದಲ್ಲಿತ್ತು, ಆಡಬಲ್ಲ ಎಂದವನೂ ತಾನೇ, ತೊಡಿಸಿದವನೂ ತಾನೇ ಎಂದು ನಿಂತೇ ಹೇಳಿದ.

ಅವಳು ಚಮಚ ಕೆಳಗಿಟ್ಟಳು. ಮಗನ ಬಾಯಿ ಒರೆಸಿದಳು. ತಾನೇ ಆಡುತ್ತೇನೆಂದು ಅವನು ಹಟ ಹಿಡಿದಿರಬೇಕು ಅಲ್ಲವೇ, ಅವನ ಸ್ವಭಾವವೇ ಹಾಗೆ ಎಂದಳು. ಹೌದು ಎನ್ನುವುದನ್ನೇ ಅವಳ ಮುಖ ಬೇಡುತ್ತಿತ್ತು.

"ಹೆಲ್ಮೆಟ್ ತೊಡಿಸುವಾಗ ಏನಂದ ನನ್ನ ಮಗ?"

ಹೆಂಡತಿಗೂ ಹೇಳಿರದ ಮಾತು ಅದು. "ತಲೆ ತುಂಬಾ ನೋಯ್ತಿದೆ ಅಂದ" ಎಂದ ಗದಿಗೆಪ್ಪ.