ಬೆನ್ನ ಹಿಂದಿನ ಲಾಡಿ

ಫೋನಲ್ಲಿ ನೋಡ್ಕೊಂಡು, ಎಣ್ಣೆ ಡಬ್ಬದ ತಗಡು ಬಡಿದು, ಹಳೇ ಕಾಲದ ಸೈನಿಕರ ಎದೆಕವಚ ಮಾಡಿದೆ. ಲಾಡಿ ಕಟ್ಟೋದು ಬೆನ್ನ ಹಿಂದೆ, ಒಬ್ಬನ ಕೈಲಾಗಲ್ಲ ಅಂತ ಆಮೇಲೆ ಗೊತ್ತಾಯ್ತು. ಅಮ್ಮ ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೋಗಿದ್ಳು. ಪಕ್ಕದ ಮನೆ ಮಂಜನ್ನ ಕರೆದೆ.

"ಹೋಗಲೋ, ನನ್ನ ಚಪ್ಪಲೀನ ನೆಲಕ್ಕೆ ಅಂಟಿಸಿದೋನು ನೀನೇ ಅಲ್ವಾ?" ಅಂತ ಬಾಗಿಲು ಹಾಕ್ಕೊಂಡ.

ಕೊನೆಗೆ ಗ್ಯಾಸ್ ಸಿಲಿಂಡರ್ ತಂದ ಅಣ್ಣನ್ನ ಕೇಳಿದೆ.

"ಯಾವ ನಾಟಕಕ್ಕಪ್ಪ ಇದು?"

"ನಾಟಕ ಅಲ್ಲಣ್ಣ. ಸುಮ್ನೆ, ನಂಗೇ."

ಅವನು ನಗಲಿಲ್ಲ. ಬಿಗಿಯಾಗಿ ಗಂಟು ಹಾಕಿ, "ಚೆನ್ನಾಗೈತೆ ಕಣಪ್ಪ" ಅಂತ ಎದೆ ತಟ್ಟಿ ಹೋದ.

ಬಿಚ್ಚೋಕೂ ಒಬ್ಬರು ಬೇಕು ಅಂತ ಹೊಳೆಯೋ ಹೊತ್ತಿಗೆ ಅವನ ಗಾಡಿ ಬೀದಿ ದಾಟಿತ್ತು. ಸಾಯಂಕಾಲ ಅಮ್ಮ ಬರೋವರೆಗೂ ಹಾಗೇ ಜಗಲಿ ಮೇಲೆ ಕೂತಿದ್ದೆ. ಅಷ್ಟು ಗಟ್ಟಿ ಕವಚ ಹಾಕ್ಕೊಂಡು ಕೂತಿದ್ರೂ, ಇಡೀ ಶಿಡ್ಲಘಟ್ಟದಲ್ಲಿ ಹೊಡೆಯೋಕಾದ್ರೂ ಒಬ್ಬ ಬರಬಾರದಾ?