ಬೇರು ಹುಡುಕುವ ಡಾಕ್ಟರು
ನಮ್ಮ ಬೀದಿಯ ಡಾಕ್ಟರ ಬಳಿ ಬೆನ್ನುನೋವೆಂದು ಮೊದಲ ಸಲ ಹೋದಾಗ, ಬಾಗಿಲು ತಪ್ಪಿ ಪಕ್ಕದ ವಿಚ್ಛೇದನದ ವಕೀಲರ ಕೋಣೆಗೆ ನುಗ್ಗಿದೆನೆಂದೇ ಭಾವಿಸಿದ್ದೆ. ಬೆನ್ನು ಮುಟ್ಟದೆ, ‘ಹೆಂಡತಿ ಜೊತೆ ಜಗಳ ಊಟಕ್ಕೆ ಮುಂಚೇನೋ, ಆಮೇಲೋ?’ ಎಂದು ಕೇಳಿದರೆ ಇನ್ನೇನು ಅಂದುಕೊಳ್ಳಲಿ? ಅವರ ಪ್ರಕಾರ ನೋವಿರುವ ಜಾಗದಲ್ಲಿ ಕಾಯಿಲೆ ಇರುವುದೇ ಇಲ್ಲ. ಮಂಡಿ ತೋರಿಸಿದವರ ನಾಲಿಗೆ ನೋಡುತ್ತಾರೆ, ತಲೆನೋವು ಎಂದವರ ಹೊಟ್ಟೆ ತಟ್ಟುತ್ತಾರೆ, ‘ಮಾತ್ರೆ ಆಮೇಲೆ ಸ್ವಾಮಿ, ಮೊದಲು ಬೇರು ಸಿಗಲಿ’ ಅನ್ನುತ್ತಾರೆ. ಯಾರಾದರೂ ಸೀನಿದರೆ ರಸ್ತೆಯ ಆಚೆಯಿಂದಲೇ ‘ತಿಂಡಿ ಬಿಟ್ರಾ?’ ಎಂದು ಕೂಗುತ್ತಾರೆ. ನಮ್ಮಣ್ಣ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಓಡಿಹೋದಾಗಲೂ, ರಾತ್ರಿ ನಿದ್ದೆ ಹೇಗಿತ್ತು ಎಂದೇ ವಿಚಾರಣೆ ಶುರುವಾಗಿತ್ತು. ಮೊನ್ನೆ ನಾನು ಬೆಳಿಗ್ಗೆ ಸ್ವಲ್ಪ ಬೇಗ ಹೋದೆ. ಒಳಕೋಣೆಯಲ್ಲಿ ಡಾಕ್ಟರು ಹೆಂಡತಿಗೆ ಜಡೆ ಹೆಣೆಯುತ್ತಿದ್ದರು. ಆಕೆಯ ಬೆರಳ ಗಂಟುಗಳು ಊದಿಕೊಂಡು, ಕೈ ಮಡಚಲಾಗದೆ ವರ್ಷಗಳೇ ಆಗಿವೆ. ಆ ಒಂದು ಕಾಯಿಲೆಯ ಬೇರು ಮಾತ್ರ ಅವರಿಗೂ ಸಿಕ್ಕಿಲ್ಲ. ಬಾಗಿಲಲ್ಲೇ ನಿಂತು, ‘ಏನ್ ಡಾಕ್ಟ್ರೇ, ಬೇರು ಹುಡುಕೋದು ಬಿಟ್ಟು ಜಡೆ ಹಾಕ್ತಾ ಕೂತಿದ್ದೀರಿ?’ ಎಂದುಬಿಟ್ಟೆ. ಅವರು ತಿರುಗಿಯೂ ನೋಡದೆ ಹೇಳಿದರು: ‘ಅದು ಸಿಗೋ ತನಕ ಇವಳು ತಲೆ ಕೆದರ್ಕೊಂಡು ಕೂತಿರಬೇಕೇನ್ರೀ?’