ಸತ್ತಾಕಿ ಪದಕ

ನಾ ಮಾರಿ ಸುದ್ದಾ ನೋಡದ ಒಬ್ಬಾಕಿ ಮ್ಯಾಲೆ ನನಗ ಎಲ್ಲಿಲ್ಲದ ಸಿಟ್ಟಿತ್ತು. ನಿಜಾಮನ ಆಳಿಕಿ ಕಾಲ. ಹದಿನಾರು ವರ್ಷದ ನನ್ನನ್ನ ಬಳಗಾನೂರಿಂದ ಮಸ್ಕಿಗೆ ಎರಡನೇ ಸಂಬಂಧಕ್ಕ ಕೊಟ್ಟಿದ್ರು. ಗಂಡನ ಮೊದಲನೇ ಹೇಣ್ತಿ ಬಾಣಂತನದಾಗ ಸತ್ತಿದ್ಲು. ಹಂಗ ಸತ್ತಾಕಿ ರೂಪ ತಗಡಿನ ಮ್ಯಾಲೆ ಕೊರಸಿ ಎರಡನೇದಾಕಿ ಕೊಳ್ಳಾಗ ಕಟ್ಟಬೇಕು, ದಿನಾ ಅದಕ್ಕ ಕುಂಕುಮ ಹಚ್ಚಿ ಆಮ್ಯಾಲೆ ಉಣ್ಣಬೇಕು. ಇಲ್ಲಂದ್ರ ಆಕಿ ಬಂದು ಗಂಡನ್ನ ಕಾಡ್ತಾಳಂತ.

"ನಾ ಬಾಳೇವು ಮಾಡಾಕ ಬಂದೀನಿ, ಹೆಣ ಹೊರಾಕಲ್ಲ," ಅಂದೆ.

"ಬಾಯಿ ಮುಚ್ಚಿಕೊಂಡು ನಡೀಲೇ," ಅಂದ್ಲು ಅತ್ತಿ. ಗಂಡ ಅನ್ನಿಸಿಕೊಂಡವ ಚಪ್ಪಲಿ ಮೆಟ್ಟಿ ಹೊರಗ ನಡದ.

ಪತ್ತಾರನ ಮುಂದ ಕುಂತೇ ಒಡವಿ ಮಾಡಿಸಬೇಕು, ಎದ್ದು ಹೋದ್ರ ಬಂಗಾರ ಮಾಯ ಆಗ್ತದ. ಅದಕ್ಕ ಅತ್ತಿ ನನ್ನೂ ಎಳಕೊಂಡು ಹೋದ್ಲು. ಸತ್ತಾಕಿ ಬೋರಮಾಳ, ಬಂಗಾರದ ಗುಂಡಿನ ಸರ, ಅವನ ಮುಂದಿಟ್ಟು, "ಇದನ್ನ ಕರಗಿಸಿ ಲಿಂಗಸೂಗೂರಾಗಿನ ನನ್ನ ಮಗಳ ಕೈಗೆ ಪಾಟ್ಲಿ ಮಾಡು," ಅಂದ್ಲು. ಆಮ್ಯಾಲೆ ಸೆರಗಿನ ಗಂಟು ಬಿಚ್ಚಿ ಒಂದು ಸವದ ಬೆಳ್ಳಿ ರೂಪಾಯಿ ಒಗದ್ಲು. "ಇದನ್ನ ಬಡದು ಸತ್ತಾಕಿಗೆ ತಗಡು ಮಾಡು. ಸಾಕು ಆಕಿಗೆ."

"ಬೋರಮಾಳ ಆಕಿ ತವರಿಂದು ಅಲ್ಲೇನ್ರೀ ಯವ್ವಾ?"

"ಸತ್ತಾಕಿಗೆ ಯಾತರ ತವರು?"

ಪತ್ತಾರ ಸರ ಬಿಚ್ಚಿ ಒಂದು ಗುಂಡು ಬೆಂಕಿಗೆ ಹಿಡದ. ಒಳಗಿನ ಅರಗು ಸುಟ್ಟು ಕಮಟು ವಾಸನಿ ಎದ್ದಿತು. ನನ್ನ ಕೈ ತಾನಾಗೇ ನನ್ನ ಕೊಳ್ಳ ಮ್ಯಾಲೆ ಹೋತು. ಅಲ್ಲೂ ಒಂದು ಬೋರಮಾಳ ಇತ್ತು, ನಮ್ಮವ್ವ ಹಾಕಿ ಕಳಿಸಿದ್ದು. ಆರು ವರ್ಷ ಆ ಮನ್ಯಾಗ ದುಡದಾಕಿಗೆ ಒಂದು ಸವದ ರೂಪಾಯಿ ಅಂದ್ರ, ನಿನ್ನೆ ಬಂದ ನನಗೇನು ಸಿಕ್ಕೀತು? ಸತ್ತಾಕಿ ಮ್ಯಾಲಿನ ಸಿಟ್ಟೆಲ್ಲಾ ಬಾಜೂಕ ಕುಂತಾಕಿ ಮ್ಯಾಲೆ ತಿರುಗಿತು.

ಉಳದ ಗುಂಡು ಬಾಚಿ ಉಡಿಯಾಗ ಹಾಕ್ಕೊಂಡೆ. "ಇದ್ದಷ್ಟೂ ಬಂಗಾರ ಆಕಿ ಪದಕಕ್ಕೇ ಹಾಕಬೇಕು. ಇಲ್ಲಂದ್ರ ನಾ ಕಟ್ಟಂಗಿಲ್ಲ. ನಾಳೆ ನಿಮ್ಮ ಮಗಗ ಏನರ ಆದ್ರ ನನ್ನ ಕೇಳಬ್ಯಾಡ್ರಿ."

ಅತ್ತಿ ಮಾರಿ ಬಿಳಚಿತು. ಕಾಡ್ತಾಳಂತ ನನಗ ಹೆದರಿಸಿದಾಕೀನ ಆಕಿ. ನಿನ್ನ ಬಾಯಾಗ ಮಣ್ಣು ಬೀಳ ಅಂತ ಬೈದ್ಲು, ನಮ್ಮಪ್ಪನ್ನೂ ನಮ್ಮವ್ವನ್ನೂ ಬಿಡಲಿಲ್ಲ. ಕಡೀಗೆ ತನ್ನ ರೂಪಾಯಿ ತಗೊಂಡು ತಿರುಗಿ ಸೆರಗಿಗೆ ಗಂಟು ಹಾಕ್ಕೊಂಡ್ಲು.

ನಾ ಉಡಿಯಾಗಿನ ಗುಂಡು ಪತ್ತಾರನ ಮುಂದ ಸುರವಿದೆ. ಎಲ್ಲಾ ಮೂಸ್ಯಾಗ ಕರಗಿ ಒಂದಾದವು. ಬಡದು ಬಡದು ತಗಡು ಅಂಗೈ ಅಗಲ ಆತು. ಪತ್ತಾರ ಉಳಿ ಕೈಗೆ ತಗೊಂಡು, "ಆಕಿ ಮಾರಿ ಹೆಂಗಿತ್ರೀ?" ಅಂತ ಕೇಳಿದ.

ಅತ್ತಿ ಹಲ್ಲು ಕಚ್ಚಿ ಗ್ವಾಡಿ ನೋಡಾಕತ್ತಿದ್ಲು.

"ನನ್ನ ಮಾರೀನ ಕೊರೀರಿ," ಅಂದೆ. "ನಾಳೆ ನಾ ಸತ್ತರ ಮೂರನೇದಾಕಿಗೆ ಬ್ಯಾರೆ ಮಾಡಿಸೋದು ತಪ್ಪತದ."